‘ಮೈಸೂರು’ ನೌಕೆಯ ಲಕೋಟೆಗಳು

(ಕಳಕ್ಕೂಟದಲ್ಲಿ ನೆರೆದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೊರನಾಡ ಸಂಘಗಳ ಸಭೆಗಳಲ್ಲಿ ನಾಡಿನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ದೇಶದ ಎಲ್ಲ ಭಾಷೆಗಳ ನಾವಿಕರು ಸೇರಿ ನಮ್ಮ ನಾಡಿನ ಹೆಸರೊಂದನ್ನು ಇಪ್ಪತ್ತೆಂಟು ವರ್ಷ ಸಮುದ್ರದ ಮೇಲೆ ಹೊತ್ತು ನಡೆದ ಕಥೆಯನ್ನು ನಾವು ಅಷ್ಟಾಗಿ ಹೇಳಿಕೊಂಡಿಲ್ಲ. ‘ಐ.ಎನ್.ಎಸ್. ಮೈಸೂರು’ ಎಂಬ ಯುದ್ಧನೌಕೆಯ ಸೇವಾಚರಿತ್ರೆಯನ್ನೂ ಅದರ ಅಂಚೆ ಲಕೋಟೆಗಳನ್ನೂ ಕುರಿತು ಇಂದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಈ ನೌಕೆ ಹುಟ್ಟಿದ್ದು ಬೇರೆ ಹೆಸರಿನಲ್ಲಿ. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ನಿರ್ಮಾಣಗೊಂಡು, 1939ರಲ್ಲಿ ನೀರಿಗಿಳಿದು, 1940ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿದ ಕ್ರೂಸರ್ ಅದು. ವಸಾಹತುಗಳ ಹೆಸರಿಟ್ಟ ವರ್ಗಕ್ಕೆ ಸೇರಿದ್ದರಿಂದ ಅದರ ಹೆಸರು ‘ನೈಜೀರಿಯಾ’. 1941ರ ಜೂನ್‌ನಲ್ಲಿ ಅದೂ ಅದರ ಜತೆಯ ವಿಧ್ವಂಸಕ ನೌಕೆಗಳೂ ಉತ್ತರ ಸಮುದ್ರಗಳಲ್ಲಿ ‘ಲಾವೆನ್‌ಬುರ್ಗ್’ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದವು. ಅಲ್ಲಿ ಸಿಕ್ಕ ಎನಿಗ್ಮಾ ಗೂಢಲಿಪಿಯ ಕಾಗದಪತ್ರಗಳು ತೋಪುಗಳಷ್ಟೇ ಬೆಲೆಬಾಳಿದವು. 1942ರ ಆಗಸ್ಟ್ 12ರಂದು, ಮಾಲ್ಟಾಕ್ಕೆ ಸಾಮಗ್ರಿ ಒಯ್ಯುವ ಬೆಂಗಾವಲಿನಲ್ಲಿದ್ದಾಗ, ಇಟಲಿಯ ‘ಆಕ್ಸಮ್’ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ 52 ಮಂದಿ ಮಡಿದರು. ಗಾಯಗೊಂಡ ಹಡಗು ಹೇಗೋ ಜಿಬ್ರಾಲ್ಟರ್ ಮುಟ್ಟಿತು.

ಆ ಕಾಲದ ನಾವಿಕನ ಲಕೋಟೆಯನ್ನು ನೋಡಿ. ಹೊರಮೈ ಮೇಲೆ ಹಡಗಿನ ಹೆಸರಿಲ್ಲ, ಊರಿಲ್ಲ. ‘ನೌಕೆಗಳಿಂದ ಬಂದದ್ದು’ ಎಂಬರ್ಥದ ಒಂದು ಮುದ್ರೆ, ಸೆನ್ಸಾರ್ ಅಧಿಕಾರಿಯ ಒಂದು ಮುದ್ರೆ, ಅಷ್ಟೆ. ಮಗ ಬದುಕಿದ್ದಾನೆ ಎಂಬುದು ತಾಯಿಗೆ ತಿಳಿಯಬೇಕು, ಎಲ್ಲಿದ್ದಾನೆ ಎಂಬುದು ಶತ್ರುವಿಗೆ ತಿಳಿಯಬಾರದು. ಯುದ್ಧಕಾಲದ ಅಂಚೆಯ ನೀತಿಯೆಲ್ಲ ಇದರಲ್ಲಿ ಅಡಗಿದೆ.

1954ರಲ್ಲಿ ಭಾರತ ಈ ಹಡಗನ್ನು ಕೊಂಡುಕೊಂಡಿತು. ಬರ್ಕನ್‌ಹೆಡ್‌ನಲ್ಲಿ ದುರಸ್ತಿ ಮುಗಿಸಿಕೊಂಡು 1957ರ ಆಗಸ್ಟ್ 29ರಂದು ಅದು ‘ಮೈಸೂರು’ ಎಂಬ ಹೆಸರಿನಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. ಚದುರಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಅದೇ ಹೆಸರಿನ ರಾಜ್ಯವಾಗಿ ಒಂದುಗೂಡಿ ಆಗ ಹತ್ತು ತಿಂಗಳಾಗಿತ್ತಷ್ಟೆ. ವಸಾಹತಿನ ಹೆಸರು ಅಳಿದು ಸ್ವತಂತ್ರ ಗಣರಾಜ್ಯದ ಒಂದು ರಾಜ್ಯದ ಹೆಸರು ಅಲ್ಲಿ ಕುಳಿತಿತು. ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ, ಎಂದಿಗೂ ಅಂಜದಿರುವುದನ್ನು ಸಾರುವ ಸಂಸ್ಕೃತ ನುಡಿ.

1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಸಂದರ್ಭದಲ್ಲಿ, ‘ಮೈಸೂರು’ ಮತ್ತು ‘ತ್ರಿಶೂಲ’ ನೌಕೆಗಳು ಅಂಜದೀವ್ ದ್ವೀಪದ ಕಾರ್ಯಾಚರಣೆಗೆ ಇಳಿದವು. ಆ ದ್ವೀಪವಿರುವುದು ನಮ್ಮ ಕಾರವಾರದ ಕಣ್ಣಳತೆಯಲ್ಲಿ. ಅಲ್ಲಿ ಏಳು ಮಂದಿ ನಾವಿಕರು ಪ್ರಾಣ ತೆತ್ತರು. 1971ರ ಯುದ್ಧದಲ್ಲಿ ‘ಮೈಸೂರು’ ಪಶ್ಚಿಮ ನೌಕಾಬಳಗದ ಧ್ವಜನೌಕೆ. ಅದರ ಮೇಲೆ ಹಾರಿದ್ದು ಮಲಯಾಳಿ ರಿಯರ್ ಅಡ್ಮಿರಲ್ ಇ. ಸಿ. ಕುರುವಿಳ ಅವರ ಪತಾಕೆ. ಕನ್ನಡದ ಹೆಸರು, ಕೇರಳದ ನಾಯಕ. ಈ ನೆಲದಲ್ಲಿ ನೆಲೆನಿಂತ ನಮಗೆ ಇದಕ್ಕಿಂತ ಆಪ್ತವಾದ ನಂಟು ಬೇಕೆ?

ಈಗ ಆ ಕಾಲದ ಲಕೋಟೆಗಳ ಮಾತು. ನಾವಿಕನ ವಿಳಾಸದಲ್ಲಿ ಅವನ ಹೆಸರು, ಹುದ್ದೆ, ನೌಕೆಯ ಹೆಸರು, ಕೊನೆಗೆ ‘ಫ್ಲೀಟ್ ಮೇಲ್ ಆಫೀಸ್, ಬೊಂಬಾಯಿ’ ಎಂದಿರುತ್ತಿತ್ತು. ಹಡಗು ಯಾವ ಕಡಲಿನಲ್ಲಿದ್ದರೂ ಮನೆಯವರಿಗೆ ವಿಳಾಸ ಒಂದೇ; ಚೀಲವನ್ನು ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಆ ಕಚೇರಿಯದು. ‘ಮೈಸೂರು’ ಊರಿನ ಹೆಸರೂ ಆದ್ದರಿಂದ ಹಿಂದಿನ ಐ.ಎನ್.ಎಸ್. ಎಂಬ ಮೂರಕ್ಷರಕ್ಕೆ ಮಹತ್ವವಿತ್ತು. 1971ರ ನವೆಂಬರ್ 15ರಿಂದ ಪೂರ್ವ ಬಂಗಾಳದ ನಿರಾಶ್ರಿತರ ನೆರವಿಗಾಗಿ ಸಾಮಾನ್ಯ ಪತ್ರಗಳಿಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಕಡ್ಡಾಯವಾಯಿತು. ಆ ಡಿಸೆಂಬರ್‌ನಲ್ಲಿ ಮನೆಯಿಂದ ಈ ನೌಕೆಗೆ ಬರೆದ ಲಕೋಟೆಯೊಂದು ಸಿಕ್ಕರೆ, ಯುದ್ಧ, ನಿರಾಶ್ರಿತರು, ಕಾತರದ ಒಂದು ಸಂಸಾರ, ಮೂರೂ ಒಂದೇ ಕಾಗದದ ಮೇಲೆ ಕಾಣುತ್ತವೆ. ಮಕ್ಕಳ ಆಲ್ಬಮ್ಮಿಗೆಂದು ಚೀಟಿಯನ್ನು ಕತ್ತರಿಸಿಕೊಟ್ಟರೆ ಮೊಹರಿನ ಅರ್ಧ ಹೋಯಿತು, ವಿಳಾಸ ಹೋಯಿತು, ಚರಿತ್ರೆಯೂ ಹೋಯಿತು.

1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಹಡಗು ಮೈಸೂರಾಗಿಯೇ ಉಳಿಯಿತು. ಕೊನೆಯ ವರ್ಷಗಳಲ್ಲಿ ಎಳೆಯ ಕೆಡೆಟ್‌ಗಳಿಗೆ ಕಡಲು ಕಲಿಸಿ 1985ರ ಆಗಸ್ಟ್ 20ರಂದು ನಿವೃತ್ತಿಗೊಂಡಿತು, ಬಳಿಕ ಗುಜರಿಯಾಯಿತು. 1999ರಲ್ಲಿ ಹೊಸ ವಿಧ್ವಂಸಕ ನೌಕೆಯೊಂದು ಅದೇ ಹೆಸರನ್ನು ಪಡೆಯಿತು. ಕಾರವಾರದ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು 2006ರಲ್ಲಿ ಸಂಗ್ರಹಾಲಯವಾಗಿಸಿದರು; ಹಳೆಯ ‘ಮೈಸೂರಿ’ಗೆ ಆ ಭಾಗ್ಯ ಬರಲಿಲ್ಲ. ಕಬ್ಬಿಣ ಕರಗಿದ ಮೇಲೆ ಅದರ ಬದುಕಿಗೆ ಸಾಕ್ಷಿ ಹೇಳಬೇಕಾದದ್ದು ಕಾಗದ.

ಆ ಕಾಗದಗಳು ನಮ್ಮ ನೆರೆಯಲ್ಲೇ ಇರಬಹುದು. ಈ ಕಳಕ್ಕೂಟದಲ್ಲಿ 1962ರಿಂದ ಸೈನಿಕ ಶಾಲೆಯಿದೆ. ಕೊಚ್ಚಿಯಲ್ಲಿ ದಕ್ಷಿಣ ನೌಕಾ ಕಮಾಂಡ್ ಇದೆ. ಸೈನ್ಯದ ಸೇವೆ ಇಲ್ಲಿನ ಜನಕ್ಕೆ ಹೊಸದಲ್ಲ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಮನೆ ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗುವುದು ಹಳೆಯ ಪತ್ರಗಳ ಕಟ್ಟು. ಅವು ಮಲಯಾಳದಲ್ಲಿರಲಿ, ತಮಿಳಿನಲ್ಲಿರಲಿ, ಹೊರಮೈ ಮೇಲೆ ಮೈಸೂರಿನ ಹೆಸರಿದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ನೆರೆಮನೆಯ ನಿವೃತ್ತ ನಾವಿಕರನ್ನು ಒಮ್ಮೆ ಕೇಳಿ. ಲಕೋಟೆ ಸಿಕ್ಕರೆ ಚೀಟಿ ಬಿಡಿಸದೆ, ಮಡಿಕೆ ಬಿಚ್ಚಿ, ಇಡಿಯಾಗಿ ಕಾಪಾಡುವಂತೆ ಹೇಳಿ. ಅವರು ಒಪ್ಪಿದರೆ ಛಾಯಾಪ್ರತಿ ಮಾಡಿಸಿ, ಬರೆದವರ ನೆನಪನ್ನೂ ದಿನಾಂಕದೊಂದಿಗೆ ಗುರುತು ಹಾಕಿಕೊಳ್ಳಿ. ಒಳಗಿನ ಪತ್ರ ಅವರ ಮನೆಯ ಸ್ವತ್ತು; ಅದನ್ನು ಓದುವ ಹಕ್ಕು ಅವರು ಕೊಟ್ಟರೆ ಮಾತ್ರ ನಮ್ಮದು. ನಮ್ಮ ಹೆಸರನ್ನು ಹೊತ್ತು ದುಡಿದವರ ಋಣವನ್ನು ತೀರಿಸಲು ಹೊರನಾಡ ಕನ್ನಡಿಗರಿಗಿಂತ ತಕ್ಕವರು ಬೇರೆ ಯಾರು?