ಕ್ಲಾಸ್ ಸಿಗಲಿಲ್ಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಕೆಲಸ ಅಂದರೇನು ಅಂತ ಮಕ್ಕಳಿಗೆ ಸ್ವಲ್ಪ ಹೇಳಪ್ಪ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ದೊಡ್ಡ ಮಾತು ಬೇಡ. ನಾನು ಎಡವಿದ ಒಂದು ಸಂಗತಿಯನ್ನೇ ಹೇಳುತ್ತೇನೆ.

ಅದು 2007. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಕಾರ್ಖಾನೆಯ ಬಾಯ್ಲರುಗಳ ಉಷ್ಣತೆಯನ್ನು ಬ್ರೌಸರಿನಲ್ಲಿ ಗ್ರಾಫ್ ಮಾಡಿ ತೋರಿಸುವ ಜಾವಾ ಆ್ಯಪ್ಲೆಟ್ ಬರೆಯುವ ಕೆಲಸ ನನಗೆ ಬಂತು. ಆ್ಯಪ್ಲೆಟ್ ಅಂದರೆ ಒಂದು ಪುಟ್ಟ ಪ್ರೋಗ್ರಾಮು. ಅದನ್ನು ಇಡುವುದು ವೆಬ್ ಸರ್ವರಿನಲ್ಲಿ. ಅದು ಓಡುವುದು ಮಾತ್ರ ಪುಟ ತೆರೆದವರ ಕಂಪ್ಯೂಟರಿನಲ್ಲಿ. ಮದುವೆ ಅಡುಗೆಯವರು ಪರಊರಿಂದ ಬಂದು ನಮ್ಮ ಹಿತ್ತಲಲ್ಲೇ ಒಲೆ ಹೂಡುತ್ತಾರಲ್ಲ, ಹಾಗೆ. ಜಾವಾ ಪ್ರೋಗ್ರಾಮಿನ ಒಂದೊಂದು ತುಂಡಿಗೂ ‘ಕ್ಲಾಸ್’ ಅಂತ ಹೆಸರು. ಓಡುವಾಗ ಯಾವ ಕ್ಲಾಸ್ ಬೇಕಾಗುತ್ತದೋ ಅದನ್ನು ಸರ್ವರಿನಿಂದ ತರಿಸಿಕೊಳ್ಳುತ್ತದೆ.

ತರಿಸಲು ವಿಳಾಸ ಬೇಕಲ್ಲ? ಪುಟದಲ್ಲಿ ‘ಕೋಡ್‌ಬೇಸ್’ ಎಂದು ಬರೆಯುವುದು ಊರಿನ ಹೆಸರಿದ್ದಂತೆ. ಬರೆಯದಿದ್ದರೆ ಪುಟ ಇರುವ ಫೋಲ್ಡರೇ ಊರು. ಪ್ಯಾಕೇಜ್ ಅನ್ನುವುದು ಕೇರಿ, ಕ್ಲಾಸ್ ಮನೆ. ಇವುಗಳಲ್ಲಿ ಒಂದು ತಪ್ಪಿದರೂ ಮನೆ ಸಿಗುವುದಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಗ್ರಾಫ್ ಚೆನ್ನಾಗಿ ಬಂತು. ಸರ್ವರಿಗೆ ಹಾಕಿ ನೋಡಿದರೆ ಖಾಲಿ ಬೂದು ಚೌಕ. ಜಾವಾ ಕನ್ಸೋಲ್ ತೆರೆದರೆ ‘ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಷನ್’ ಎಂದು ಶುರುವಾಗಿ ಇಪ್ಪತ್ತು ಸಾಲು ಇಂಗ್ಲಿಷ್. ನಾನು ಹತ್ತನೇ ತರಗತಿವರೆಗೆ ಇದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿದವನು. ಇಂಗ್ಲಿಷ್ ರಾಶಿ ಕಂಡರೆ ಕಣ್ಣು ತಾನಾಗಿ ಜಾರಿಹೋಗುವ ಅಭ್ಯಾಸ ಇಂಜಿನಿಯರಿಂಗ್ ಮುಗಿಸಿದರೂ ಹೋಗಿರಲಿಲ್ಲ. ಕಿಟಕಿ ಮುಚ್ಚಿದೆ. ಎರಡು ದಿನ ಅದೇ ಪ್ರೋಗ್ರಾಮನ್ನು ಮತ್ತೆ ಮತ್ತೆ ಕಂಪೈಲ್ ಮಾಡಿದೆ, ಸರ್ವರನ್ನು ಬೈದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ‘ಇವನಿಗೆ ಇಷ್ಟೂ ಬರಲ್ಲ’ ಅಂದುಕೊಂಡಾರು ಎಂಬ ನಾಚಿಕೆ.

ಮೂರನೇ ದಿನ ತಂಡದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. “ಏನು ಬರೆದಿದೆ, ಜೋರಾಗಿ ಓದು” ಅಂದರು. ಓದಿದೆ. “ಯಾವ ಕ್ಲಾಸ್ ಸಿಗಲಿಲ್ಲವಂತೆ? ಎಲ್ಲಿ ಹುಡುಕಿತು?” ಮೊದಲನೆಯದಕ್ಕೆ ಉತ್ತರ ಅಲ್ಲೇ ಇತ್ತು. ಎರಡನೆಯದಕ್ಕೆ ಸರ್ವರಿನ ಲಾಗ್ ತೋರಿಸಿದರು. ಬ್ರೌಸರ್ ಕೇಳಿದ ಪೂರ್ತಿ ವಿಳಾಸ, ಅದರ ಮುಂದೆ 404. ಅಂದರೆ, ಆ ವಿಳಾಸದಲ್ಲಿ ಏನೂ ಇಲ್ಲ. ಅದೇ ವಿಳಾಸವನ್ನು ಬ್ರೌಸರಿನಲ್ಲಿ ಟೈಪ್ ಮಾಡಿಸಿದರು. ಅಲ್ಲೂ 404. ತಪ್ಪು ಪ್ರೋಗ್ರಾಮಿನದಲ್ಲ, ಇಟ್ಟ ಜಾಗದ್ದು ಎಂದು ಎರಡೇ ನಿಮಿಷದಲ್ಲಿ ಗೊತ್ತಾಯಿತು.

ನಾನು ಕ್ಲಾಸುಗಳನ್ನು ‘ವೆಬ್-ಇನ್ಫ್’ ಎಂಬ ಫೋಲ್ಡರಿನೊಳಗೆ ಇಟ್ಟಿದ್ದೆ. ಅದು ಸರ್ವರಿನ ಒಳಕೋಣೆ. ಸರ್ವರ್ ತನ್ನ ಕೆಲಸಕ್ಕೆ ಅಲ್ಲಿಂದ ತೆಗೆದುಕೊಳ್ಳುತ್ತದೆ. ಹೊರಗಿನಿಂದ ಕೇಳಿದವರಿಗೆ ಕೊಡುವುದಿಲ್ಲ. ಆ್ಯಪ್ಲೆಟ್ ಓಡುವುದು ಹೊರಗಿನ ಕಂಪ್ಯೂಟರಿನಲ್ಲಿ ಎಂಬುದನ್ನೇ ಮರೆತಿದ್ದೆ. ಫೈಲುಗಳನ್ನು ಹೊರಗೆ ಪುಟದ ಪಕ್ಕಕ್ಕೆ ತಂದೆ. ಗ್ರಾಫ್ ಬಂತು.

ಆಮೇಲೆ ಕಾರ್ಖಾನೆಯಲ್ಲಿ ಮತ್ತೆ ನಿಂತಿತು. ಈ ಸಲ ಸಂದೇಶವನ್ನು ನಾನೇ ಓದಿದೆ. ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’, ಪಕ್ಕದಲ್ಲಿ 50 ಎಂಬ ಅಂಕಿ. 50 ಅಂದರೆ ಜಾವಾ 6ರಲ್ಲಿ ತಯಾರಾದದ್ದು; ಅಲ್ಲಿನ ಕಂಪ್ಯೂಟರುಗಳಲ್ಲಿದ್ದದ್ದು ಜಾವಾ 5, ಅದು 49ರವರೆಗೆ ಮಾತ್ರ ಓದುತ್ತದೆ. ಹಳೆಯದಕ್ಕೆ ಹೊಂದುವಂತೆ ಕಂಪೈಲ್ ಮಾಡಿದೆ. ಅರ್ಧ ಗಂಟೆಯ ಕೆಲಸ.

ಮುಂದೆ ಬೇರೆ ತಪ್ಪುಗಳೂ ಪರಿಚಯವಾದವು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ವಿಂಡೋಸ್ ಕೂಡ ಫೈಲಿನ ಹೆಸರಿನಲ್ಲಿ ಆ ಭೇದ ಎಣಿಸುವುದಿಲ್ಲ. ಲಿನಕ್ಸ್ ಸರ್ವರಿಗೆ ಮಾತ್ರ ಅವೆರಡೂ ಬೇರೆ ಬೇರೆ ಹೆಸರು. ಹಾಗಾಗಿ ಮನೆಯಲ್ಲಿ ಓಡಿದ್ದು ಸರ್ವರಿನಲ್ಲಿ ಓಡದು.

ಇನ್ನೊಂದು ನಮ್ಮ ಗಣಿತದ ಮೇಷ್ಟ್ರಿಗೆ ಇಷ್ಟವಾಗುವಂಥದ್ದು. ‘ಮ್ಯಾಜಿಕ್ ಸಂಖ್ಯೆ 1008813135 ಹೊಂದುತ್ತಿಲ್ಲ’ ಎಂಬ ಸಂದೇಶ ಬರುತ್ತಿತ್ತು. ಪ್ರತಿ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳು ಒಂದು ಗೊತ್ತಾದ ಗುರುತಾಗಿರಬೇಕು. ಮೇಲಿನ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ಬಿಡಿಸಿ ಅಕ್ಷರ ಮಾಡಿದರೆ ಸಿಗುವುದು ಒಂದು ವೆಬ್ ಪುಟದ ಮೊದಲ ನಾಲ್ಕು ಚಿಹ್ನೆಗಳು. ಅಂದರೆ ಸರ್ವರ್ ಕ್ಲಾಸಿನ ಬದಲು ‘ಕ್ಷಮಿಸಿ, ಸಿಗಲಿಲ್ಲ’ ಎಂಬಂಥ ಪುಟವನ್ನು ಕಳಿಸಿದೆ, ಜಾವಾ ಅದನ್ನೇ ಕ್ಲಾಸ್ ಎಂದು ಓದಲು ಹೊರಟಿದೆ! ಅರ್ಥವಿಲ್ಲದ ಅಂಕಿಯಂತೆ ಕಂಡದ್ದರಲ್ಲೇ ಉತ್ತರ ಇತ್ತು.

ಇಂದು ಆ್ಯಪ್ಲೆಟ್ ಕಾಲ ಮುಗಿದಿದೆ. ಕ್ರೋಮ್ 2015ರಲ್ಲೇ ಅದನ್ನು ಓಡಿಸುವುದು ಬಿಟ್ಟಿತು. 2017ರ ಜಾವಾ 9ರಲ್ಲಿ, ಇನ್ನು ಇದನ್ನು ಬಳಸಬೇಡಿ ಎಂದು ಜಾವಾದವರೇ ಗುರುತು ಹಾಕಿದರು. ನಾನು ಕಲಿತ ಆ ವಿದ್ಯೆ ಈಗ ಮೂಲೆಯಲ್ಲಿದೆ. ಆದರೆ ‘ಏನು ಸಿಗಲಿಲ್ಲ, ಎಲ್ಲಿ ಹುಡುಕಿತು’ ಎಂಬ ಎರಡು ಪ್ರಶ್ನೆಗಳನ್ನು ಇವತ್ತಿಗೂ ದಿನಾ ಕೇಳಿಕೊಳ್ಳುತ್ತೇನೆ.

ಮಕ್ಕಳೇ, ನಾನು ಕಳೆದುಕೊಂಡ ಎರಡು ದಿನ ಬುದ್ಧಿ ಕಡಿಮೆಯಾಗಿ ಹೋದದ್ದಲ್ಲ, ಓದದೆ ಹೋದದ್ದು, ಕೇಳದೆ ಹೋದದ್ದು. ಆ ಇಪ್ಪತ್ತು ಸಾಲಿನಲ್ಲಿ ನನಗೆ ಗೊತ್ತಿಲ್ಲದ ಇಂಗ್ಲಿಷ್ ಪದ ಮೂರು ನಾಲ್ಕು ಇದ್ದಿರಬಹುದು, ಅಷ್ಟೇ. ಗುರುಗಳಲ್ಲಿ ಒಂದು ಕೋರಿಕೆ: ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಪರದೆಯ ಮೇಲೆ ಬಂದ ತಪ್ಪಿನ ಸಂದೇಶವನ್ನು ಮಕ್ಕಳು ಇದ್ದ ಹಾಗೇ ಬರೆದು, ಕೆಳಗೆ ಕನ್ನಡದಲ್ಲಿ ಅದರ ಅರ್ಥ ಬರೆಯಲಿ. ಬಗೆಹರಿಯದ್ದನ್ನು ನಮಗೆ ಕಳಿಸಿ. ಈ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಉತ್ತರ ಬರೆಯುತ್ತೇವೆ. ಮೊದಲ ನೋಟ್‌ಬುಕ್ ನಾನು ತಂದಿದ್ದೇನೆ. ಮೊದಲ ಪುಟದಲ್ಲಿ ನನ್ನ ತಪ್ಪನ್ನೇ ಬರೆದಿದ್ದೇನೆ.