ಕೆಲಸದ ಜೊತೆಗೆ ಸಂಗೀತ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಆ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಅದರಲ್ಲಿ ಒಂದೇ ಒಂದು ಸಂಗತಿ ಆರಿಸಿಕೊಳ್ಳುತ್ತೇನೆ: ಕೆಲಸಕ್ಕೆ ಕೂತಾಗ ಹಾಡು ಬೇಕೋ ಬೇಡವೋ.

ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ ಈ ಪ್ರಶ್ನೆಗೇ ನಗುತ್ತಿದ್ದರು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದರೆ ಹಾಡು ತಾನಾಗಿ ಬರುತ್ತಿತ್ತು. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಗ್ರಹದ ತ್ರಿಪದಿಗಳನ್ನು ಓದಿ ನೋಡಿ. ಕೈಗೆ ಕೆಲಸ ಗೊತ್ತಿತ್ತು, ಮನಸ್ಸು ಬಿಡುವಾಗಿತ್ತು, ಆ ಬಿಡುವಿನಲ್ಲಿ ಪದ ಹುಟ್ಟಿತು. ನಾವು ‘ಕೆಲಸಕ್ಕೆ ಹಾಡಿನ ಜೊತೆ’ ಎನ್ನುತ್ತೇವೆ. ಅಲ್ಲಿ ಕಲ್ಲೇ ಪಕ್ಕವಾದ್ಯ.

ಈಗಿನ ಮಕ್ಕಳ ಕಷ್ಟ ಬೇರೆ. ಬೆಳಿಗ್ಗೆ ಚಿತ್ರಪ್ರದರ್ಶನದ ಹತ್ತಿರ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ನಮ್ಮದು ಒಂದ ಖೋಲಿ ಮನಿರಿ. ಟಿ.ವಿ. ಹಚ್ಚಿರತಾರ. ಅದಕ್ಕ ನಾ ಕಿವ್ಯಾಗ ಹಾಡು ಹಾಕ್ಕೊಂಡು ಚಿತ್ರ ತೆಗೀತೀನಿ, ಪ್ರಬಂಧನೂ ಬರೀತೀನಿ. ಅಪ್ಪ ಬೈತಾರ್ರಿ. ತಪ್ಪೇನ್ರಿ ಅದು?”

ಚಿತ್ರದ ಮಟ್ಟಿಗೆ ಹುಡುಗಿಯ ಕಡೆಗೂ, ಪ್ರಬಂಧದ ಮಟ್ಟಿಗೆ ಅಪ್ಪನ ಕಡೆಗೂ ನನ್ನ ಮತ. ಗೆರೆ ಎಳೆದಾಗಿದೆ, ಇನ್ನು ಬಣ್ಣ ತುಂಬಬೇಕು ಎನ್ನುವಾಗ ಯಾವ ಹಾಡಿದ್ದರೂ ನಡೆಯುತ್ತದೆ. ರಾಜಕುಮಾರ್ ಹಾಡಲಿ, ನೀವೂ ಜೊತೆಗೆ ಹಾಡಿ. ಆದರೆ ವಾಕ್ಯ ಕಟ್ಟುವಾಗ ಕಿವಿಯಲ್ಲಿ ಕನ್ನಡದ ಮಾತು ಬಿದ್ದರೆ, ಎರಡು ಮಾತುಗಳು ಒಂದೇ ಬಾಗಿಲಲ್ಲಿ ನೂಕಾಡುತ್ತವೆ. ಹಾಡಿನ ಪದ ನಿಮ್ಮ ಪದವನ್ನು ಹೊರಗೆ ತಳ್ಳುತ್ತದೆ. ಹಾಗಂತ ಟಿ.ವಿ. ಧಾರಾವಾಹಿಯ ಸಂಭಾಷಣೆ ಹಾಡಿಗಿಂತ ಉತ್ತಮವೇನಲ್ಲ, ಅದನ್ನು ಅಪ್ಪನಿಗೂ ಹೇಳಬೇಕು. ಮಾತನ್ನು ಮುಚ್ಚಲು ಮಾತಿಲ್ಲದ ಸದ್ದು ಬೇಕು. ಫ್ಯಾನಿನ ಸದ್ದೂ ಆದೀತು. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ರಾಜೀವ ತಾರಾನಾಥರ ಸರೋದ್ ಸಣ್ಣ ದನಿಯಲ್ಲಿದ್ದರೆ ಇನ್ನೂ ಒಳ್ಳೆಯದು. ತಾರಾನಾಥರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರೂ ಆಗಿದ್ದರು ಎಂಬುದು ನನಗೆ ಸುಮ್ಮನೆ ಖುಷಿ ಕೊಡುವ ಸಂಗತಿ.

ಹಾಡುಗಾರಿಕೆಯೇ ಬೇಡ ಅಂತಲ್ಲ. ಭೀಮಸೇನ ಜೋಶಿಯವರ ವಿಲಂಬಿತ್ ಖಯಾಲ್ ಹಚ್ಚಿ. ಏಕತಾಲದಲ್ಲಿ ಹನ್ನೆರಡು ಮಾತ್ರೆ, ಒಂದು ಆವರ್ತನ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ. ಎರಡು ಸಾಲಿನ ಬಂದಿಶ್ ಅರ್ಧ ಗಂಟೆ ಹರಡಿಕೊಳ್ಳುತ್ತದೆ. ಪದ ಕರಗಿ ದನಿಯೊಂದೇ ಉಳಿಯುತ್ತದೆ. ಇಲ್ಲೇ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ ದನಿ ಅದು, ನಮಗೆ ದೂರದ್ದೇನಲ್ಲ. ಆದರೆ ಮೊದಲ ಸಲ ಕೇಳುವ ಸಂಗೀತವನ್ನು ಕೆಲಸದ ಹೊತ್ತಿಗೆ ಹಚ್ಚಬೇಡಿ. ಹೊಸದು ಗಮನ ಕೇಳುತ್ತದೆ. ಅದಕ್ಕೆ ಬೇರೆ ಹೊತ್ತು ಕೊಡಿ, ಪೂರ್ತಿ ಕೂತು ಕೇಳಿ.

ಇನ್ನು ಮೊಜಾರ್ಟ್ ಕೇಳಿಸಿದರೆ ಮಕ್ಕಳು ಜಾಣರಾಗುತ್ತಾರೆ ಎಂಬ ಮಾತು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಒಂದು ಪ್ರಯೋಗ ಇದರ ಮೂಲ. ಅದರಲ್ಲಿದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಕೇಳಿಸಿದ್ದು 10 ನಿಮಿಷ, ಅದೂ ಪರೀಕ್ಷೆಗೆ ಮುಂಚೆ. ಕಂಡ ಲಾಭ ಕಾಲು ಗಂಟೆಯೊಳಗೆ ಮಾಯ. ಇಷ್ಟನ್ನು ನೆಚ್ಚಿ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟಿದ ಕೂಸುಗಳಿಗೆಲ್ಲ ಸಂಗೀತ ಹಂಚಲು ಹೊರಟರು. ಸಂಗೀತ ಯಾರ ತಲೆಗೂ ಬುದ್ಧಿ ತುಂಬುವುದಿಲ್ಲ, ಕೂರಲು ಒಂದು ಜಾಗ ಮಾಡಿಕೊಡುತ್ತದೆ, ಅಷ್ಟೇ.

ನಮ್ಮ ಕಾಲದ ಕ್ಯಾಸೆಟ್ಟಿಗೆ ಒಂದು ಗುಣವಿತ್ತು. ಒಂದು ಬದಿ 30 ನಿಮಿಷಕ್ಕೆ ಟಕ್ ಎಂದು ನಿಲ್ಲುತ್ತಿತ್ತು. ನಾನು ಎದ್ದು, ಬೆನ್ನು ನೆಟ್ಟಗೆ ಮಾಡಿ, ಚಿತ್ರವನ್ನು ದೂರದಿಂದ ನೋಡಿ, ಬದಿ ತಿರುವಿ ಮತ್ತೆ ಕೂರುತ್ತಿದ್ದೆ. ಮೊಬೈಲಿಗೆ ಆ ಬುದ್ಧಿ ಇಲ್ಲ. ಒಂದು ಮುಗಿದರೆ ಇನ್ನೊಂದು, ನಡುವೆ ಜಾಹೀರಾತು. ಹಾಡು ಹುಡುಕುವುದರಲ್ಲೇ ಸಂಜೆ ಮುಗಿಯುತ್ತದೆ. ಏನು ಕೇಳಬೇಕೆಂಬುದನ್ನು ಮೊದಲೇ ಇಳಿಸಿಟ್ಟುಕೊಂಡು, ನೆಟ್ ಆರಿಸಿ ಕೂರಿ. ಪಕ್ಕದವರು ಕರೆದರೆ ಕೇಳಿಸುವಷ್ಟೇ ದನಿ ಇರಲಿ. ಕಿವಿ ಒಮ್ಮೆ ಕೆಟ್ಟರೆ ರಿಪೇರಿ ಇಲ್ಲ.

ಒಂದು ಮಾತ್ರ ಹಾಡಿನಿಂದ ಆಗುವುದಿಲ್ಲ. ಚಿತ್ರ ಏನಾಗಬೇಕು ಎಂದು ಮೊದಲು ಹೊಳೆಯಬೇಕಾದ ಹೊತ್ತಿನಲ್ಲಿ ನನಗಂತೂ ಮೌನವೇ ಬೇಕು, ವೀಣೆಯೂ ಬೇಡ. ಒಂದು ಖೋಲಿಯ ಮನೆಯ ಮಕ್ಕಳು ಅದನ್ನೆಲ್ಲಿ ತರಬೇಕು? ಅದಕ್ಕೇ ಚಿತ್ರಕಲಾ ಕೊಠಡಿಯನ್ನು ಸಂಜೆ 6ರವರೆಗೆ ತೆರೆದಿಡಲಾದೀತೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ಒಪ್ಪಿದ್ದಾರೆ. ಬೀಗದ ಕೈ ಯಾರ ಹತ್ತಿರ ಇರಬೇಕೆಂಬುದಷ್ಟೇ ಬಾಕಿ, ಊಟದ ಹೊತ್ತಿಗೆ ಹಳೆಯ ವಿದ್ಯಾರ್ಥಿ ಸಂಘದವರು ದಯವಿಟ್ಟು ನನ್ನನ್ನು ಕಾಣಬೇಕು.