ಗರಗಸದ ಹಿಂದೆ ಹುಡುಗ ಬೇಡ, ಮೇಜು ಇರಲಿ

(ಆಲಮೇಲದಲ್ಲಿ ಬಡಿಗತನ ಮಾಡುವ ಯುವಕರು ಮತ್ತು ಸ್ವಸಹಾಯ ಸಂಘದ ತಾಯಂದಿರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಈ ಭಾಗದ ಹಳ್ಳಿಗಳಲ್ಲಿ ಬಡಿಗರು ಅಂದರೆ ಹಿಂದೆ ಕೂರಿಗೆ, ಕುಂಟಿ, ಬಂಡಿಯ ಗಾಲಿ ಮಾಡುವವರು. ರಾಶಿಯ ಕಾಲಕ್ಕೆ ರೈತ ಕೊಡುತ್ತಿದ್ದ ಆಯದ ಜೋಳವೇ ಅವರ ದುಡಿಮೆ. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಈಗ ಬಾಗಿಲು, ಕಪಾಟು, ಪ್ಲೈವುಡ್ ಕೆಲಸ. ಅದಕ್ಕಾಗಿ ಟೇಬಲ್ ಸಾ, ಅಂದರೆ ಮೇಜಿನ ಗರಗಸ, ಸಾಲ ಮಾಡಿ ತರುತ್ತೀರಿ. ತರಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಮಷೀನಿನ ಹಿಂದೆ ಹಲಗೆ ಹಿಡಿಯಲು ಒಬ್ಬ ಹುಡುಗನನ್ನು ನಿಲ್ಲಿಸುತ್ತೀರಲ್ಲ, ಇವತ್ತು ಆ ಜಾಗದ ಬಗ್ಗೆ ಮಾತಾಡೋಣ.

ಆ ಹುಡುಗ ಯಾಕೆ ಬೇಕಾಗುತ್ತಾನೆ? ಸಣ್ಣ ಟೇಬಲ್ ಸಾದ ಮೇಜು ಎರಡು ಅಡಿಯ ಆಸುಪಾಸು. ಪ್ಲೈವುಡ್ ಹಾಳೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. 18 ಮಿ.ಮೀ. ದಪ್ಪದ ಹಾಳೆ 30 ಕೆ.ಜಿ. ಮೀರುತ್ತದೆ. ಅರ್ಧ ಕೊಯ್ಯುವಷ್ಟರಲ್ಲಿ ಹಿಂದಿನ ತುದಿ ಜೋತು ಬೀಳುತ್ತದೆ, ನಿಮ್ಮ ಕಡೆಯ ತುದಿ ಮೇಲೇಳುತ್ತದೆ. ಕೊಯ್ದ ಸೀಳು ಬಿಗಿದು ಬ್ಲೇಡನ್ನು ಹಿಡಿಯುತ್ತದೆ. ಬ್ಲೇಡಿನ ಹಿಂದಿನ ಹಲ್ಲುಗಳು ಮೇಲಕ್ಕೆ ತಿರುಗುವಂಥವು, ಹಲಗೆಯನ್ನು ಎತ್ತಿ ನಿಮ್ಮ ಎದೆಗೇ ಒಗೆಯುತ್ತವೆ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ ನೋಡ್ರಿ.

ಬೀಳುವ ತುದಿಯನ್ನು ಹಿಡಿಯಲು ಕೆಲವರು ಬ್ಲೇಡಿನ ಮೇಲಿಂದಲೇ ಕೈ ಚಾಚುತ್ತಾರೆ. ಉಳಿದವರು ಹುಡುಗನನ್ನು ಕರೆಯುತ್ತಾರೆ. ಅವನು ತುಸು ಓರೆಯಾಗಿ ಎಳೆದರೂ ಹಲಗೆ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ಆ ಹುಡುಗ ಶಾಲೆಯಲ್ಲಿ ಇರಬೇಕಾದವನು. 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಡುವುದು 2016ರ ತಿದ್ದುಪಡಿಯ ನಂತರ ಯಾವ ಕೆಲಸದಲ್ಲೂ ಅಪರಾಧ. ಅಪ್ಪನ ಅಂಗಡಿ ಅಂದ ಮಾತ್ರಕ್ಕೆ ಬ್ಲೇಡು ಮಗನ ಬೆರಳನ್ನು ಬಿಡುತ್ತದೆಯೇ?

ಬೆರಳಿನ ಬೆಲೆಯನ್ನು ಕಾನೂನು ಕೂಡ ಲೆಕ್ಕ ಹಾಕಿದೆ. ಕೆಲಸಗಾರರ ಪರಿಹಾರಕ್ಕೆಂದು 1923ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14 ನಷ್ಟ ಅಂತ ಬರೆದಿದ್ದರು. ಆ ಪರಿಹಾರ ಮಾಲೀಕ ಕೊಡಬೇಕಾದದ್ದು. ತನ್ನ ಅಂಗಡಿಗೆ ತಾನೇ ಮಾಲೀಕನಾದ ಬಡಿಗನಿಗೆ ಕೊಡುವವರು ಯಾರು? ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇದಕ್ಕೆ ಉಪಾಯ ಒಂದು ಗಟ್ಟಿ ಜೋಡುಮೇಜು. ಕೆಲಸ ಬಲ್ಲ ಹಿರಿಯ ಬಡಿಗರಿಂದ ಕೇಳಿ ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಉದ್ದ. ಎಂಟು ಅಡಿಯ ಹಾಳೆ ಪೂರ್ತಿ ಕೊಯ್ದಾದಾಗ ಅದರ ಭಾರದ ನಡು ಬ್ಲೇಡಿನಿಂದ ನಾಲ್ಕು ಅಡಿ ಆಚೆ ಇರುತ್ತದೆ. ಮೇಜು ಅದಕ್ಕಿಂತ ಮುಂದೆ ಚಾಚಿದ್ದರೆ ಮಾತ್ರ ಹಾಳೆ ಬೀಳದೆ ತಾನೇ ನಿಲ್ಲುತ್ತದೆ. ಆದ್ದರಿಂದ ಗರಗಸದ ಹಿಂದೆ ನಾಲ್ಕು ಅಡಿಯ ಮೇಜು ಬೇಕು.

ಎರಡನೆಯದು ಚೌಕಟ್ಟು. ಮೇಜು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಹಗುರ ಮಷೀನಿಗೆ ಜೋತು ಬೀಳಬಾರದು. ಬಂಡಿಯ ಗಾಲಿಗೆ ಬಳಸುತ್ತಿದ್ದ ಜಾಲಿ, ಇಲ್ಲವೇ ಬೇವು ಸಾಕು, ಆದರೆ ಚೆನ್ನಾಗಿ ಒಣಗಿರಬೇಕು. ಮೂರು ಇಂಚು ಚೌಕದ ಕಾಲು, ಮೇಲೆ ನಾಲ್ಕು ಇಂಚಿನ ಪಟ್ಟಿ, ಕೆಳಗೆ ಅಡ್ಡಪಟ್ಟಿ. ಮೂಲೆಯಿಂದ ಮೂಲೆಗೆ ಓರೆಪಟ್ಟಿ ಮರೆಯಬೇಡ್ರಿ. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ.

ಮೂರನೆಯದು ಮೇಲ್ಭಾಗ. ಅಡಿಗೊಂದು ಅಡ್ಡತೊಲೆ ಕೊಟ್ಟು 18 ಮಿ.ಮೀ. ಪ್ಲೈವುಡ್ ಹಾಕಿ. ಹಾಳೆ ಜಾರುವಂತೆ ಮೇಲೆ ಸನ್‌ಮೈಕಾ ಅಂಟಿಸಿ. ಕೆಳಗಡೆಯೂ ಅಂಟಿಸಿದರೆ ಹಲಗೆ ಡೊಂಕಾಗುವುದಿಲ್ಲ. ಗರಗಸದ ಮೇಜಿನಲ್ಲಿ ಗೈಡು ಜಾರುವ ಗಾಡಿ ಇದ್ದರೆ ಅದೇ ನೇರಕ್ಕೆ ಇಲ್ಲಿಯೂ ಗಾಡಿ ಕೊರೆಯಬೇಕು, ಇಲ್ಲದಿದ್ದರೆ ಗೈಡು ಅರ್ಧಕ್ಕೇ ತಡೆಯುತ್ತದೆ.

ನಾಲ್ಕನೆಯದು ಎತ್ತರ. ಹಿಂದಿನ ಮೇಜು ಗರಗಸದ ಮೇಜಿಗಿಂತ ಒಂದೆರಡು ಮಿ.ಮೀ. ಕೆಳಗಿರಲಿ, ಕೂದಲೆಳೆಯಷ್ಟೂ ಮೇಲಿರಬಾರದು. ಮೇಲಿದ್ದರೆ ಹಲಗೆ ತಡೆದು ನಿಲ್ಲುತ್ತದೆ, ನೀವು ಜೋರು ಮಾಡಿ ತಳ್ಳುತ್ತೀರಿ, ಅಪಾಯ ಅಲ್ಲೇ. ಎದುರು ಅಂಚನ್ನು ಸ್ವಲ್ಪ ಇಳಿಜಾರು ಕೆತ್ತಿರಿ. ಪಕ್ಕಕ್ಕೆ ಜೋಡಿಸುವ ಮೇಜು ಮಾತ್ರ ಸರಿಸಮನಾಗಿರಬೇಕು, ನೇರಪಟ್ಟಿ ಇಟ್ಟು ನೋಡಿ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪರಸಿ ಹಾಸಿದ ನೆಲವೂ ಏರುಪೇರಾಗುತ್ತದೆ. ಅದಕ್ಕೇ ಪ್ರತಿ ಕಾಲಿನ ಬುಡಕ್ಕೆ ನಟ್ ಕೂರಿಸಿ ಅರ್ಧ ಇಂಚಿನ ಬೋಲ್ಟ್ ಹಾಕಿ. ತಿರುಗಿಸಿದರೆ ಎತ್ತರ ಹೊಂದುತ್ತದೆ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ನೋಡಿಕೊಳ್ಳಿ.

ಅಂಗಡಿ ಸಣ್ಣದು, ಜಾಗ ಇಲ್ಲ ಅನ್ನುತ್ತೀರಿ. ಹಿಂಜಸ್ ಹಾಕಿ ಮಡಚುವ ಹಾಗೆ ಮಾಡಬಹುದು. ಮಷೀನು ನಿಂತಾಗ ಅದೇ ಮೇಜಿನ ಮೇಲೆ ಕಪಾಟು ಜೋಡಿಸಬಹುದು. ಆದರೆ ಮಷೀನು ಓಡುವಾಗ ಚಹಾ ಕಪ್ಪು, ಸುತ್ತಿಗೆ, ಮೊಬೈಲು ಏನೂ ಅಲ್ಲಿ ಇರಕೂಡದು. ಬ್ಲೇಡಿನ ಹಿಂದಿರುವ ಸೀಳುಪಟ್ಟಿಯನ್ನು ಅಡ್ಡಿ ಅಂತ ಬಿಚ್ಚಿ ಒಗೆಯಬೇಡಿ, ಸೀಳು ಬಿಗಿಯದಂತೆ ತಡೆಯುವುದು ಅದೇ. ಸಣ್ಣ ತುಂಡಿಗೆ ತಳ್ಳುಕೋಲು ಬಳಸಿ.

ಇನ್ನು ತಾಯಂದಿರಿಗೆ ಒಂದು ಮಾತು. ಗಂಡನ ಮಷೀನಿಗೆ ಸಂಘದಿಂದ ಸಾಲ ಎತ್ತಿ ಸಹಿ ಹಾಕುವವರು ನೀವು. 2023ರ ಸೆಪ್ಟೆಂಬರ್ 17ರಂದು ಪ್ರಾರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ ಇಟ್ಟಿದ್ದಾರೆ. ಯಾವುದೇ ಸಾಲವಿರಲಿ, ಅಂದಾಜುಪಟ್ಟಿಯಲ್ಲಿ ಬರೀ ಮಷೀನಿನ ಬೆಲೆ ಬರೆಯುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿ: ಜೋಡುಮೇಜಿನ ಕಟ್ಟಿಗೆ, ಪ್ಲೈವುಡ್, ಬೋಲ್ಟು. ಆ ಸಾಲು ಇಲ್ಲದ ಪಟ್ಟಿಗೆ ಸಂಘದ ಸಭೆಯಲ್ಲಿ ಒಪ್ಪಿಗೆ ಕೊಡಬೇಡಿ.

ಮೇಜು ಮಾಡೋದು ನಿಮಗೆ ಯಾರೂ ಕಲಿಸಬೇಕಾಗಿಲ್ಲ, ಎರಡು ದಿನದ ಕೆಲಸ. ಊರಿಗೆಲ್ಲ ಮೇಜು ಮಾಡಿ ಕೊಡುವ ಬಡಿಗನ ಅಂಗಡಿಯಲ್ಲೇ ಒಂದು ಮೇಜಿಲ್ಲ ಅಂತ ಆಗಬಾರದು. ಮುಂದಿನ ತಿಂಗಳ ಸಭೆಗೆ ಯಾರು ಯಾರು ಮಾಡಿದ್ದೀರಿ ಅಂತ ಕೇಳುತ್ತೇನೆ. ಹಿಂದೆ ನಿಲ್ಲುತ್ತಿದ್ದ ಹುಡುಗ ಶಾಲೆಗೆ ಹೋಗುತ್ತಿದ್ದಾನೆಯೇ ಅಂತಲೂ ಕೇಳುತ್ತೇನೆ.